ಹಿರೇಕೊಳಲೆ ಕೆರೆ ಸುತ್ತ ‘ಟ್ರೈಲ್ ರನ್’ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಚಿಕ್ಕಮಗಳೂರಲ್ಲಿ ಓಡೋರು, ಹಾಸನದಿಂದ ಓಡೋಕೆ ಅಂತ ಬರೋರು ದಯವಿಟ್ಟು ಓದಿ. ಟ್ರೈಲ್ ರನ್, ಅಂದ್ರೆ ಮಣ್ಣಿನ ದಾರಿಯ ಓಟ, ನಡೆಸೋರು ‘ಕೆರೆ ಸುತ್ತ 12 ಕಿ.ಮೀ., ಪೂರ್ತಿ ಮಣ್ಣಿನ ದಾರಿ’ ಅಂತ ಹೇಳಿ ತಲೆಗೆ 1,200 ರೂಪಾಯಿ ಕಟ್ಟಿಸಿಕೊಂಡರು. ನಮಗೆ ಸಿಕ್ಕಿದ್ದು ಬೀಗ ಹಾಕಿದ ಗೇಟು. ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಹಿರೇಕೊಳಲೆ ನಮಗೆಲ್ಲ ಗೊತ್ತಿರೋ ಕೆರೆ. ಊರಿಂದ ಸುಮಾರು 10 ಕಿ.ಮೀ., ನಮ್ಮೂರಿನ ನಲ್ಲಿಗೆ ಅಲ್ಲಿಂದಲೂ ನೀರು ಬರುತ್ತೆ. ಏರಿ ಮೇಲೆ ನಿಂತು ಗಿರಿ ಸಾಲು ನೋಡ್ತಿದ್ದರೆ ಹೊತ್ತು ಹೋಗೋದೇ ತಿಳಿಯಲ್ಲ. ಆದರೆ ಏರಿ ದಾಟಿದರೆ ಕಾಫಿ ತೋಟಗಳು. ತೋಟ ಅಂದ್ರೆ ಯಾರದೋ ಸ್ವಂತ ಜಾಗ, ಕೇಳದೆ ಕಾಲಿಡೋ ಹಾಗಿಲ್ಲ ಅಲ್ವಾ? ಅದಕ್ಕೇ ಮೊದಲೇ ಕೇಳಿದ್ದೆ. ‘ಪರ್ಮಿಷನ್ ಎಲ್ಲಾ ಆಗಿದೆ ಅಣ್ಣಾ, ಓನರ್ ನಮ್ಮೋರೇ’ ಅಂದ ಓಟ ನಡೆಸೋನು.

ಓಟದ ದಿನ ಬೆಳಗ್ಗೆ ದಾರಿ ಗುರುತಿಗೆ ಕಟ್ಟಿದ್ದ ರಿಬ್ಬನ್ ನೋಡಿಕೊಂಡು ಓಡಿದೆವು. ಏರಿ ಆಯ್ತು, ಒಂದಷ್ಟು ಡಾಂಬರು ರಸ್ತೆ ಆಯ್ತು, ಆಮೇಲೆ ತೋಟದ ದಾರಿ. ಒಂದು ಸಿಲ್ವರ್ ಓಕ್ ಮರಕ್ಕೆ ಕಿತ್ತಳೆ ರಿಬ್ಬನ್ ಕಟ್ಟಿತ್ತು. ಅದೇ ಕೊನೆ. ಮುಂದೆ ಗೇಟು, ಬೀಗ, ಪಕ್ಕದಲ್ಲಿ ಐಬೆಕ್ಸ್ ಬೇಲಿ, ಅಂದ್ರೆ ಕರೆಂಟ್ ಬೇಲಿ. ಹಿಂದಿನಿಂದ ಬಂದೋರೆಲ್ಲ ಅಲ್ಲೇ ಗುಂಪಾದರು. ಯಾರಿಗೂ ದಾರಿ ಗೊತ್ತಿಲ್ಲ, ನೀರಿಲ್ಲ, ಅವರ ಕಡೆಯೋರು ಒಬ್ಬರೂ ಇಲ್ಲ. ಒಬ್ಬರೂ!

ಅಷ್ಟರಲ್ಲಿ ತೋಟದ ಕೆಲಸ ನೋಡಿಕೊಳ್ಳೋ ರೈಟರು ಬೈಕಲ್ಲಿ ಬಂದರು. ‘ಯಾರ್ರೀ ನಿಮ್ಮನ್ನ ಕಳಿಸಿದ್ದು? ಆನೆ ಓಡಾಡ್ತಿದೆ ಅಂತ ಆಳುಗಳನ್ನೇ ಬೇಗ ಕೆಲಸಕ್ಕೆ ಇಳಿಸ್ತಿಲ್ಲ ನಾವು. ಯಾರೂ ನಮ್ಮನ್ನ ಕೇಳಿಲ್ಲ’ ಅಂದರು. ಮೆಣಸು ಕದಿಯೋಕೆ ಬಂದೋರನ್ನ ಹಿಡಿದು ನಿಲ್ಲಿಸಿದ ಹಾಗಿತ್ತು. ಹಾಸನದಿಂದ ಬಂದಿದ್ದ ಭಾವಮೈದ ಪಕ್ಕದಲ್ಲೇ ಇದ್ದ. ಅವನ ಮುಖ ನೋಡೋಕಾಗಲಿಲ್ಲ ನನಗೆ. ಆನೆ ಇರೋ ಜಾಗಕ್ಕೆ ಬೆಳಗಿನ ಜಾವ ಜನರನ್ನ ಕಳಿಸ್ತಾರಾ? ಆ ಗುಂಪಲ್ಲಿ ಕಾಲೇಜು ಹುಡುಗಿಯರೂ ಇದ್ದರು.

ಓಟ ನಡೆಸಿದೋನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಧ್ಯಾಹ್ನ ಮೆಸೇಜ್ ಬಂತು. ‘ಸರ್, ಟ್ರೈಲ್ ಅಂದಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ.’ ದುಡ್ಡು ಕಟ್ಟೋವರೆಗೂ ಅಣ್ಣ ಆಗಿದ್ದೋನು ಈಗ ಸರ್ ಆದೆ. ಪರ್ಮಿಷನ್ ಪತ್ರ ತೋರಿಸಿ ಅಂದೆ. ‘ಬಾಯಿಮಾತಲ್ಲಿ ಆಗಿತ್ತು ಸರ್.’ ಯಾರ ಹತ್ತಿರ? ಉತ್ತರ ಇಲ್ಲ. ದುಡ್ಡು ಕೇಳಿದ್ದಕ್ಕೆ, ‘ಮೆಡಲ್ ತಗೊಂಡಿದ್ದೀರಲ್ಲ ಸರ್, ಇನ್ನೇನು?’ ಓಡದೇ ಇರೋ ಓಟಕ್ಕೆ ಮೆಡಲ್ ಯಾರಿಗೆ ಬೇಕಿತ್ತು? ಮತ್ತೆ ಕೇಳಿದೆ. ಗ್ರೂಪಿಂದ ತೆಗೆದುಹಾಕಿದರು. ಪ್ರಶ್ನೆ ಕೇಳಿದ ಇನ್ನೊಬ್ಬರನ್ನೂ ತೆಗೆದರು.

ಈಗ ಅದೇ ಜನ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ಹೆಸರಲ್ಲಿ ಹೊಸದಾಗಿ ದುಡ್ಡು ಎತ್ತುತ್ತಿದ್ದಾರೆ. ತೋಟದೋರು ಕೊಟ್ಟ ಒಪ್ಪಿಗೆ ಪತ್ರ ಕೇಳಿ. ಕಾಡಂಚು ಇದ್ದರೆ ಅರಣ್ಯ ಇಲಾಖೆಯದ್ದೂ ಕೇಳಿ. ಬಾಯಿಮಾತು ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಸುಮ್ನೆ ಓಡಬೇಕು ಅಂದರೆ ಹಿರೇಕೊಳಲೆ ಏರಿ ಮೇಲೆ ಓಡಿ, ಅದಕ್ಕೆ ಯಾರಿಗೂ 1,200 ಕೊಡಬೇಕಿಲ್ಲ.