ದೊಮ್ಮಲೂರಿನ ಟೆರಿ ಕಟ್ಟಡ: ಗಾಳಿ ಎಳೆಯುವ ಗೋಡೆ, ಗಾಳಿ ಕಟ್ಟುವ ಬೀರು

ಬೆಂಗಳೂರಿನಲ್ಲಿ ನಿವೇಶನದ ಪಕ್ಕ ಮೋರಿ ಇದ್ದರೆ ಸಾಮಾನ್ಯವಾಗಿ ಮಾಡುವುದು ಇಷ್ಟೇ: ಸುತ್ತಲೂ ತೆರೆಯಲಾಗದ ಗಾಜು ಜಡಿದು, ಒಳಗೆ ಏಸಿ ಕೂರಿಸಿ ಕೈತೊಳೆದುಕೊಳ್ಳುತ್ತಾರೆ. ದೊಮ್ಮಲೂರಿನ ಟೆರಿ (ಇಂಧನ ಮತ್ತು ಸಂಪನ್ಮೂಲ ಸಂಶೋಧನಾ) ಸಂಸ್ಥೆಯ ಕಚೇರಿಗೆ ವಾಸ್ತುಶಿಲ್ಪಿ ಸಂಜಯ್ ಮೊಹೆ ಬೇರೆ ಲೆಕ್ಕ ಹಾಕಿದರು. ದಕ್ಷಿಣದಿಂದ ಬೀಸುವ ಗಾಳಿ ಮೋರಿಯ ನಾತವನ್ನೂ ಹೊತ್ತು ತರುತ್ತದೆ. ಹಾಗಾಗಿ ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿ ಗೋಡೆ. ಕಟ್ಟಡ ಕಣ್ಣು ತೆರೆದಿರುವುದು ಉತ್ತರಕ್ಕೆ. ನಡುವೆ ಎಲ್ಲ ಅಂತಸ್ತುಗಳನ್ನೂ ಸೇರಿಸುವ ತೆರೆದ ಹಜಾರ, ನೆತ್ತಿಯ ಮೇಲೆ ಗವಾಕ್ಷಿ. ತೊಟ್ಟಿಮನೆ ಕಂಡವರಿಗೆ ಇದರಲ್ಲಿ ಹೊಸದೇನೂ ಅನ್ನಿಸದು. ಹೊಸದಿರುವುದು ಆ ದಕ್ಷಿಣದ ಗೋಡೆಯಲ್ಲಿ.

ಗೋಡೆಯ ಹೊರಮೈಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಕಲ್ಲು ಕಾಯುತ್ತದೆ, ಹಿಂದಿನ ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರಿ ಕಿಂಡಿಗಳಿಂದ ಹೊರಬೀಳುತ್ತದೆ. ಖಾಲಿಯಾದ ಜಾಗ ತುಂಬಲು ಉತ್ತರದ ಕಿಟಕಿಗಳಿಂದ ತಂಪು ಗಾಳಿ ಮೇಜುಗಳ ಮೇಲೆ ಹಾದು ಒಳಬರುತ್ತದೆ. ಹೊರಗೆ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸಿದರೆ, ಒಳಗೆ ಉತ್ತರದಿಂದ ದಕ್ಷಿಣಕ್ಕೆ. ಚಾವಣಿಯ ಮೇಲೆ ಹಾದುಹೋಗುವ ಗಾಳಿಯೂ ಕಿಂಡಿಗಳ ಬಾಯಲ್ಲಿ ಸ್ವಲ್ಪ ಹೀರುತ್ತದೆ.

ಇದನ್ನು ನೋಡಿ ತಮ್ಮ ಕಚೇರಿಗೂ ಇಂಥದೇ ಗೋಡೆ ಬೇಕೆನ್ನುವವರು ಎರಡು ಸಂಗತಿ ಗಮನಿಸಬೇಕು. ಮೊದಲನೆಯದು ಎಳೆತದ ಬಲ. 12 ಮೀಟರ್ ಎತ್ತರದ ಪೊಳ್ಳಿನಲ್ಲಿ ಗಾಳಿ ಹೊರಗಿನದಕ್ಕಿಂತ 5 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸಿಗುವ ಒತ್ತಡ ಸುಮಾರು 2.4 ಪಾಸ್ಕಲ್. ಅಂದರೆ ಕಾಲು ಮಿಲಿಮೀಟರ್ ದಪ್ಪದ ನೀರಿನ ಪದರ ಒತ್ತಿದಷ್ಟು. ಇಷ್ಟು ನಾಜೂಕಾದ ಎಳೆತವನ್ನು ಮುಚ್ಚಿದ ಒಂದು ಕ್ಯಾಬಿನ್ ಬಾಗಿಲು ಸಾಕು, ನಿಲ್ಲಿಸಿಬಿಡುತ್ತದೆ.

ಎರಡನೆಯದು ಸೂರ್ಯ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣದ ಗೋಡೆ ಚೆನ್ನಾಗಿ ಕಾಯುತ್ತದೆ. ಸೆಕೆ ಜೋರಾಗಿರುವ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಅದನ್ನು ಸವರಿಕೊಂಡು ಹೋಗುತ್ತದೆ ಅಷ್ಟೆ. ಯಾವಾಗ ಎಳೆತ ಹೆಚ್ಚು ಬೇಕೋ ಆವಾಗಲೇ ಗೋಡೆಯ ಕೈ ಸೋಲುತ್ತದೆ. ಆ ತಿಂಗಳುಗಳಲ್ಲಿ ಕೆಲಸ ಸಾಗಬೇಕಾದರೆ ಚಾವಣಿ ಮೇಲಿನ ಗಾಳಿ ಮತ್ತು ಗವಾಕ್ಷಿಯಡಿ ಸೇರುವ ಬಿಸಿಯನ್ನೇ ನಂಬಬೇಕು. ಆದ್ದರಿಂದ ಈ ಮಾದರಿಯನ್ನು ಅನುಸರಿಸುವವರು ಚಿಮಣಿಯ, ಅಂದರೆ ಬಿಸಿ ಗಾಳಿ ಮೇಲೇರುವ ಆ ಪೊಳ್ಳಿನ ತಲೆಯನ್ನು ತಾರಸಿಯಿಂದ ಕನಿಷ್ಠ ಒಂದೂವರೆ ಮೀಟರ್ ಮೇಲೆತ್ತಿ, ಆ ಭಾಗದ ಮೇಲ್ಮೈಯನ್ನು ಇಳಿಜಾರಾಗಿಟ್ಟು ಕಪ್ಪು ತಗಡು ಅಥವಾ ಗಾಜು ಹೊದಿಸುವುದು ಒಳ್ಳೆಯದು. ನೆತ್ತಿಯ ಬಿಸಿಲು ಬೀಳುವುದು ಅಲ್ಲೇ.

ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತನ್ನೂ ಇದೇ ಕಾರಣಕ್ಕೆ ನಂಬಬೇಡಿ. ಅದು ದೆಹಲಿಯಲ್ಲಿ ಹೆಚ್ಚುಕಡಿಮೆ ನಡೆಯುವ ಮಾತು. ಇಲ್ಲಿ ಜೂನ್ 21ರ ಮಧ್ಯಾಹ್ನ ಸೂರ್ಯ ಉತ್ತರ ದಿಗಂತದಿಂದ ಸುಮಾರು 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 300 ಮಿ.ಮೀ. ಸಜ್ಜಾ ಸಾಕು. ಬೆಳಗ್ಗೆ ಈಶಾನ್ಯದಿಂದ, ಸಂಜೆ ವಾಯವ್ಯದಿಂದ ಓರೆಯಾಗಿ ನುಗ್ಗುವ ಬಿಸಿಲಿಗೆ ಮಾತ್ರ ಸಜ್ಜಾ ಉಪಯೋಗವಿಲ್ಲ. ಅದಕ್ಕೆ ಕಿಟಕಿಯ ಅಂಚಿನಲ್ಲಿ ನಿಲುವು ಪಟ್ಟಿಗಳೇ ಬೇಕು.

ಇಂಥ ಕಟ್ಟಡಗಳು ಸಾಮಾನ್ಯವಾಗಿ ಕೆಡುವುದು ವಾಸ್ತುಶಿಲ್ಪಿ ಕೈಬಿಟ್ಟ ಮೇಲೆ, ಪೀಠೋಪಕರಣದ ಲಾರಿ ಬಂದ ದಿನ. 2.1 ಮೀಟರ್ ಎತ್ತರದ ಉಕ್ಕಿನ ಬೀರುಗಳನ್ನು ಎಲ್ಲಿಡುವುದು? ದಕ್ಷಿಣದ ಗೋಡೆಗೆ ಒತ್ತಿ ಇಟ್ಟರೆ ಗಾಳಿ ಪೊಳ್ಳಿಗೆ ಸೇರುವ ಒಳಗಿನ ಕಿಂಡಿ ಮುಚ್ಚುತ್ತದೆ, ಕಿಟಕಿ ಕಡೆ ಇಟ್ಟರೆ ಗಾಳಿಯೂ ಬೆಳಕೂ ಒಟ್ಟಿಗೆ ಹೋಗುತ್ತವೆ. ಕಿಟಕಿಯ ಮೇಲಂಚು ನೆಲದಿಂದ 2.7 ಮೀಟರ್ ಇದ್ದರೆ ಹಗಲ ಬೆಳಕು ಕೋಣೆಯೊಳಗೆ ಹೆಚ್ಚೆಂದರೆ 6 ಮೀಟರ್ ತನಕ ಕೆಲಸಕ್ಕೆ ಬರುತ್ತದೆ. ನಡುವೆ ಒಂದೂವರೆ ಮೀಟರ್ ಪಾರ್ಟಿಷನ್ ನಿಂತರೆ ಎರಡನೇ ಸಾಲಿನವರು ಹಾಡುಹಗಲೇ ಟ್ಯೂಬ್‌ಲೈಟ್ ಹಾಕಿಕೊಳ್ಳುತ್ತಾರೆ. ಪಾರ್ಟಿಷನ್ ಎತ್ತರ 1,050 ಮಿ.ಮೀ. ದಾಟಬಾರದು, ಅದರ ತಳ ನೆಲದಿಂದ 150 ಮಿ.ಮೀ. ಮೇಲಿರಬೇಕು. ಕಡತದ ಕಪಾಟು 900 ಮಿ.ಮೀ. ಸಾಕು, ಗೋಡೆಯಿಂದ ಒಂದು ಗೇಣು ದೂರ. ಮೇಜುಗಳು ಕಿಟಕಿಗೆ ಅಡ್ಡಲಾಗಿ ನಿಲ್ಲಬೇಕು. ಕಿಟಕಿಗೆ ಮುಖ ಮಾಡಿದರೆ ಕಣ್ಣು ಕುಕ್ಕುತ್ತದೆ, ಬೆನ್ನು ಮಾಡಿದರೆ ಕಿಟಕಿಯೇ ಕಂಪ್ಯೂಟರ್ ಪರದೆಯಲ್ಲಿ ಕಾಣುತ್ತದೆ. ಮೇಜಿನ ಮೇಲ್ಮೈ ತಿಳಿಬಣ್ಣದ್ದಿರಲಿ. ಕಡು ಕಂದು ಲ್ಯಾಮಿನೇಟು ಸಾಹೇಬರ ಗತ್ತಿಗೆ ಸರಿ, ಇದ್ದಬದ್ದ ಬೆಳಕನ್ನು ಅದು ನುಂಗಿಬಿಡುತ್ತದೆ.

ಮೇಜಿನ ಎತ್ತರದ ಬಗ್ಗೆಯೂ ಒಂದು ತಕರಾರಿದೆ. ಅಂಗಡಿಯಲ್ಲಿ ಸಿಗುವುದೆಲ್ಲ 750 ಮಿ.ಮೀ. ಐದು ಅಡಿ ಎತ್ತರದವರು ಮೊಣಕೈ ಸರಿಹೋಗಲಿ ಎಂದು ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ, ಸಂಜೆಗೆ ತೊಡೆಯ ಹಿಂಭಾಗ ಜೋಮು. ಹೊಸದಾಗಿ ಮಾಡಿಸುವುದಾದರೆ 700 ಅಥವಾ 720ಕ್ಕೆ ಮಾಡಿಸಿ, ಎತ್ತರದವರ ಮೇಜಿನ ಕಾಲಿಗೆ ತಿರುಪು ಗುಬ್ಬಿ ಹಾಕಿ ಏರಿಸಿ. ಏರಿಸುವುದು ಸುಲಭ, ಕಾಲು ಕತ್ತರಿಸುವುದು ಕಷ್ಟ.

ಪಾರ್ಟಿಕಲ್ ಬೋರ್ಡ್ ನಮ್ಮ ಕಚೇರಿಗಳಲ್ಲಿ ಕೆಡುವುದು ಮಳೆಯಿಂದಲ್ಲ, ದಿನಾ ಬೆಳಗ್ಗೆ ನೆಲ ಒರೆಸುವ ನೀರಿನಿಂದ. ಬೋರ್ಡಿನ ಕಾಲು ನೆಲ ಮುಟ್ಟಿದ್ದರೆ ಎರಡು ವರ್ಷದಲ್ಲಿ ತಳ ಊದಿ ಬಿಸ್ಕತ್ತಿನಂತೆ ಉದುರುತ್ತದೆ. ಕೆಳಗಿನ 100 ಮಿ.ಮೀ. ಕಬ್ಬಿಣದ ಕಾಲಿರಲಿ. ಎಲ್ಲ ಅಂಚಿಗೂ 2 ಮಿ.ಮೀ. ಪಟ್ಟಿ ಹಾಕಿಸಿ, ವಯರಿಗಾಗಿ ಕೊರೆದ ತೂತಿನ ಒಳಮೈಗೂ ವಾರ್ನಿಷ್ ಬಳಿಸಿ. ಬಡಗಿಗಳು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ನೀರು ಒಳಹೋಗುವುದೂ ಅಲ್ಲಿಂದಲೇ, ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಎಂಬ ಕಣ್ಣು ಉರಿಸುವ ಅನಿಲ ಹೊರಬರುವುದೂ ಅಲ್ಲಿಂದಲೇ. ಬೋರ್ಡು ಕನಿಷ್ಠ ಇ1 (ಈ ಅನಿಲ ಕಡಿಮೆ ಬಿಡುವ) ದರ್ಜೆಯದಿರಲಿ. ಮರವೇ ಬೇಕೆಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇದೆ. ಹುಳು ಹಿಡಿಯದಂತೆ ಬೋರಾನ್ ದ್ರಾವಣ ಉಣಿಸಿ, ತೇವಾಂಶ ಶೇ 12ಕ್ಕೆ ಇಳಿಯುವ ತನಕ ಒಣಗಿಸಿ, 75ರಿಂದ 100 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿ ಜೋಡಿಸಿದರೆ ನೇರವಾಗಿ ನಿಲ್ಲುತ್ತದೆ. ಒಂದೇ ಅಗಲ ಹಲಗೆ ಆಸೆಪಟ್ಟರೆ ಮುಂದಿನ ಬೇಸಿಗೆಗೆ ದೋಣಿಯಾಗುತ್ತದೆ.

ಫ್ಯಾನಿಲ್ಲದೆ ಈ ಊರಿನ ಏಪ್ರಿಲ್ ಸಾಗದು. ಮಾಮೂಲಿ ಫ್ಯಾನು 70-75 ವಾಟ್ ತಿಂದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟರಿನ) ಫ್ಯಾನು 30ರ ಆಸುಪಾಸು. ದೀಪಗಳನ್ನು ರೆಕ್ಕೆಗಿಂತ ಮೇಲೆ ಹಾಕಿಸಬೇಡಿ. ನೆರಳು ಪಟಪಟನೆ ಮಿಟುಕಿ ಅರ್ಧ ದಿನಕ್ಕೆ ತಲೆನೋವು ಬರುತ್ತದೆ. ಪೇಪರ್‌ವೇಟ್‌ಗಳೂ ಮತ್ತೆ ಕೆಲಸಕ್ಕೆ ಹಾಜರಾಗುತ್ತವೆ.

ಏಸಿ ಇಲ್ಲದ ಕಚೇರಿಗೆ ಬೇರೆ ಕಾಟಗಳೂ ಉಂಟು. ಸೊಳ್ಳೆಗೆ ಜಾಲರಿ ಬೇಕೇಬೇಕು, ಜಾಲರಿ ಗಾಳಿ ತಡೆಯುತ್ತದೆ, ದೂಳು ಕೂತರೆ ಇನ್ನೂ ತಡೆಯುತ್ತದೆ. ಹಾಗಾಗಿ ಕಿಟಕಿಯನ್ನು ಮೊದಲೇ ದೊಡ್ಡದು ಮಾಡಿ, ಬಿಚ್ಚಿ ತೊಳೆಯುವಂಥ ಚೌಕಟ್ಟಿನಲ್ಲಿ ಜಾಲರಿ ಕೂರಿಸಬೇಕು. ಮೇಲಿನ ಕಿಂಡಿಗಳಿಗೆ 25 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಇಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುತ್ತದೆ, ಚಿಮಣಿಯ ಕಥೆ ಅಲ್ಲಿಗೆ ಮುಗಿಯಿತು. ತೆರೆದ ಹಜಾರದಲ್ಲಿ ಕೆಳಗಿನವರ ಫೋನು ಮಾತು ಮೇಲಿನವರಿಗೆ ಅಕ್ಷರಶಃ ಕೇಳುತ್ತದೆ. ಪಾರ್ಟಿಷನ್ನಿಗೂ ಹಜಾರದ ಗೋಡೆಗೂ ತೆಂಗಿನ ನಾರಿನ ಹಲಗೆ ಹಾಕಿದರೆ ಸದ್ದು ಸ್ವಲ್ಪ ಅಡಗುತ್ತದೆ. ಗುಟ್ಟಿನ ಮಾತಿಗೆ ಮುಚ್ಚಿದ ಕೋಣೆ ಬೇಕೇಬೇಕು. ಅದನ್ನೂ ಸರ್ವರ್ ಕೋಣೆಯನ್ನೂ ಗಾಳಿಯ ದಾರಿಯಿಂದ ಆಚೆ, ಪೂರ್ವ ಅಥವಾ ಪಶ್ಚಿಮದ ತುದಿಗೆ ತಳ್ಳಿ.

ಟೆರಿಯಲ್ಲಿರುವಂಥ ತಾರಸಿ ಹುಲ್ಲುಹಾಸನ್ನು ಹಳೆಯ ಕಟ್ಟಡದ ಮೇಲೆ ಹಾಕಲು ಹೊರಟವರು ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕಾಣಬೇಕು. 150 ಮಿ.ಮೀ. ಮಣ್ಣು ನೆನೆದಾಗ ಚದರ ಮೀಟರಿಗೆ 270 ಕೆಜಿ ತೂಗುತ್ತದೆ; ಮಾಮೂಲಿ ತಾರಸಿಗೆ ಲೆಕ್ಕ ಹಾಕುವ ಚಲ ಹೊರೆ (ಓಡಾಡುವ ಜನ, ಸಾಮಾನಿನ ತೂಕ) 150 ಕೆಜಿ. ಮಣ್ಣು ಹಾಕುವ ಮುಂಚೆ ನೀರು ಕಟ್ಟಿ ಮೂರು ದಿನ ಬಿಟ್ಟು ನೋಡಿ. ಹುಲ್ಲು ಬೆಳೆದ ಮೇಲೆ ಸೋರಿದರೆ ಎಲ್ಲಿಂದ ಎಂದು ಹುಡುಕುವುದು ಯಾವ ಮೇಸ್ತ್ರಿಯ ಕೈಯಲ್ಲೂ ಆಗುವುದಿಲ್ಲ.

ಇನ್ನು ಕುರ್ಚಿ. ದಪ್ಪ ಫೋಮಿನ ರೆಕ್ಸಿನ್ ಕುರ್ಚಿ ಏಸಿ ಕೋಣೆಗೆ ಹುಟ್ಟಿದ್ದು; ಇಲ್ಲಿ ಹನ್ನೊಂದು ಗಂಟೆಗೇ ಅಂಗಿ ಬೆನ್ನಿಗೆ ಅಂಟುತ್ತದೆ. ಬಲೆ ಬೆನ್ನಿನ ಕುರ್ಚಿ ವಾಸಿ, ಆದರೆ ಕೊಳ್ಳುವಾಗ ಗ್ಯಾಸ್ ಲಿಫ್ಟು, ಗಾಲಿ, ಬಲೆ ಮೂರೂ ಬಿಡಿಯಾಗಿ ಸಿಗುತ್ತವೆಯೇ ಕೇಳಿ. ಸಿಗದಿದ್ದರೆ ನಾಲ್ಕು ವರ್ಷಕ್ಕೆ ಇಡೀ ಕುರ್ಚಿ ಗುಜರಿಗೆ. ಸಭೆಯ ಕೋಣೆಗೆ, ಬಂದವರು ಕೂರುವುದಕ್ಕೆ, ಹಳೆಯ ಸರ್ಕಾರಿ ಕಚೇರಿಗಳ ತೇಗದ ಚೌಕಟ್ಟಿನ ಬೆತ್ತದ ಕುರ್ಚಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಕೆಳಗಿನಿಂದಲೂ ಗಾಳಿಯಾಡುತ್ತದೆ. ಹೆಣಿಗೆ ಜೋತುಬಿದ್ದರೆ ಕೆಳಮೈಗೆ ಒದ್ದೆ ಬಟ್ಟೆ ಒತ್ತಿ ರಾತ್ರಿಯಿಡೀ ಒಣಗಲು ಬಿಡಿ, ಬಿಗಿಯಾಗುತ್ತದೆ. ಹರಿದರೆ ಹಳೆಯ ಎಳೆ ಕಿತ್ತು, ನೀರಲ್ಲಿ ನೆನೆಸಿದ ಹೊಸ ಬೆತ್ತವನ್ನು ಅದೇ ತೂತುಗಳಲ್ಲಿ ಹೆಣೆದರಾಯಿತು.