ಮಲೆನಾಡಿನ ಕೆಸರಿಗೆ ‘ಲೋಕಲ್’ ಲಿಂಕ್ ರಾಡ್ ತಡೆಯುತ್ತದೆಯೇ?

ಶಿವಮೊಗ್ಗದ ಬಿಡಿಭಾಗದ ಅಂಗಡಿಗಳಲ್ಲಿ ಸಣ್ಣ ಕಾರಿನ ಲಿಂಕ್ ರಾಡ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳು) ಕೇಳಿದರೆ ‘ಕಂಪನೀದು ಬೇಕೋ, ಲೋಕಲ್ ಸಾಕೋ?’ ಅನ್ನುವ ಮಾತು ಮೊದಲು ಬರುತ್ತದೆ. ಲೋಕಲ್ ಅಂದರೆ ಕಂಪನಿ ಮಾಲಿನ ಅರ್ಧ ಬೆಲೆಗೋ ಅದಕ್ಕೂ ಕಡಿಮೆಗೋ ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವಂಥದ್ದು. ಮನೆಯ ಅಂಗಳದಲ್ಲೇ ಬಿಚ್ಚಿ ಹಾಕಿಕೊಳ್ಳುವವರಿಗೆ ಅದು ಆದೀತೇ? ಲಿಂಕ್ ರಾಡ್ ಮಟ್ಟಿಗೆ ಆದೀತು, ತುದಿಯ ರಬ್ಬರ್ ಮುಚ್ಚಳವಾದ ಬೂಟು ನೋಡಿ ಆರಿಸಿದರೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್ಷಿಗೆ ಯೋಚಿಸಬೇಕು. ಆ ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್‌ಗೆ ಬೇಡವೇ ಬೇಡ.

ಲಿಂಕ್ ರಾಡಿನ ಎರಡು ತುದಿಯಲ್ಲೂ ಗೋಲಿಯಂಥ ಒಂದು ಉಕ್ಕಿನ ಉಂಡೆ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಬಟ್ಟಲು, ಚೂರು ಗ್ರೀಸು, ಮೇಲೊಂದು ರಬ್ಬರ್ ಬೂಟು. ಅಷ್ಟೇ ಇರುವುದು. ರಸ್ತೆಗುಂಡಿಗೆ ಬಿದ್ದು ರಾಡೇ ಮುರಿಯುವುದು ಅಪರೂಪ. ನಮ್ಮ ಕಡೆ ಮೊದಲು ಸಾಯುವುದು ಬೂಟು. ಅದು ಮಡಿಕೆಯಲ್ಲಿ ಬಿರಿಯುತ್ತದೆ, ಮಳೆಗಾಲವಿಡೀ ನೀರು ಕುಡಿಯುತ್ತದೆ, ತೋಟದ ದಾರಿಯ ಕೆಮ್ಮಣ್ಣು ಗ್ರೀಸಿಗೆ ಸೇರಿ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ. ಆಮೇಲೆ ಉಕ್ಕು ಎಷ್ಟು ಒಳ್ಳೆಯದಾದರೂ ಒಂದೇ. ಹಾಗಾಗಿ ದುಡ್ಡು ಕೊಡುವ ಮೊದಲು ರಾಡಿನ ದಪ್ಪ ನೋಡಿ ಮರುಳಾಗಬೇಡಿ.

ಕೌಂಟರಿನಲ್ಲೇ ಬೂಟನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಗ್ರೀಸು ಮೆತ್ತಗೆ ಸಿಗಬೇಕು. ಗಾಳಿ ಮಾತ್ರ ಸಿಕ್ಕಿದರೆ ವಾಪಸ್ ಇಡಿ. ಬೂಟಿನ ಮೇಲೂ ಕೆಳಗೂ ತಂತಿಯ ರಿಂಗು ಬಿಗಿಯಾಗಿ ಕೂತಿರಬೇಕು. ಲೋಕಲ್ ಮಾಲಿನಲ್ಲಿ ಮೇಲಿನ ರಿಂಗು ಸಡಿಲವಿರುವುದು, ಇಲ್ಲದೇ ಇರುವುದು ಮಾಮೂಲು. ಉಂಡೆಯಿಂದ ಹೊರಬಂದ ಥ್ರೆಡ್ ಇರುವ ಕಡ್ಡಿಯನ್ನು, ಅಂದರೆ ಸ್ಟಡ್ಡನ್ನು, ಹೆಬ್ಬೆರಳಲ್ಲಿ ಸುತ್ತ ತಿರುಗಿಸಿ: ಗಟ್ಟಿಯಾಗಿ, ಒಂದೇ ಸಮ ತಿರುಗಬೇಕು. ಸಡಿಲವಾಗಿ ಜೋತುಬಿದ್ದರೆ, ಒಂದು ಕಡೆ ಸಿಕ್ಕಿಕೊಂಡರೆ ಬೇಡ. ಸ್ಟಡ್ಡಿನ ತುದಿಯ ಆಲನ್ ಕೀ ಗುಳಿ ಆಳವಾಗಿದೆಯೋ ನೋಡಿ. ಮುಂದೆ ಬಿಚ್ಚುವ ದಿನ ಬಂದಾಗ ಅದೇ ಗತಿ. ನಟ್ಟಿನೊಳಗೆ ನೈಲಾನ್ ಬಳೆ ಇಲ್ಲದಿದ್ದರೆ ಬೇರೆ ನೈಲಾಕ್ ನಟ್ಟು ಕೇಳಿ ಪಡೆಯಿರಿ. ಹಳೆಯ ರಾಡನ್ನು ಜೊತೆಗೆ ಒಯ್ದು ಉದ್ದ ಅಳೆಯುವುದು ಒಳ್ಳೆಯದು. ಕೆಲವು ಕಾರುಗಳಲ್ಲಿ ಎಡ, ಬಲ ಬೇರೆ ಬೇರೆ. ಹಳೆಯ ಮಾರುತಿ 800, ಆಲ್ಟೊ ಇದ್ದವರು ಸುಮ್ಮನೆ ಹುಡುಕಬೇಡಿ. ಅವುಗಳಲ್ಲಿ ಸ್ಟೆಬಿಲೈಸರ್ ಬಾರ್ ನೇರವಾಗಿ ಲೋವರ್ ಆರ್ಮಿಗೇ ಕೂರುತ್ತದೆ, ಬದಲಿಸಬೇಕಾದ್ದು ಬುಷ್ಷು ಮಾತ್ರ.

ತೊಂದರೆ ಲಿಂಕ್ ರಾಡಿನದ್ದೇ ಎಂದು ಹೇಗೆ ತಿಳಿಯುವುದು? ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸದ್ದು ಕಡಿಮೆ. ಒಂದೇ ಚಕ್ರ ಗುಂಡಿಗಿಳಿದಾಗ, ಜಲ್ಲಿ ಎದ್ದ ದಾರಿಯಲ್ಲಿ ನಿಧಾನ ಹೋಗುವಾಗ ‘ಟಕ ಟಕ’ ಜಾಸ್ತಿ. ಎರಡು ಚಕ್ರ ಏರುಪೇರಾದಾಗ ಮಾತ್ರ ಬಾರ್ ತಿರುಚಿಕೊಂಡು ರಾಡನ್ನು ಎಳೆಯುವುದರಿಂದ ಹೀಗೆ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ದೊಡ್ಡ ಬಿಲ್ಲು ಹಾಕಿಸಿಕೊಳ್ಳುವ ಮೊದಲು ಇಷ್ಟನ್ನು ಗಮನಿಸಿ.

ಕೆಲಸದ ಹಿಂದಿನ ರಾತ್ರಿಯೇ ನಟ್ಟಿನ ಹೊರಗಿರುವ ಥ್ರೆಡ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತುಕ್ಕುಬಿಡಿಸುವ ಎಣ್ಣೆ ಹೊಡೆದಿಡಿ. ಉಜ್ಜದೆ ಹೊಡೆದರೆ ಎಣ್ಣೆ ಮಣ್ಣಿಗೆ ಹೋಗುತ್ತದೆ. ಅಂಗಳ ಮಣ್ಣಿನದಾದರೆ ಜಾಕಿನ ಅಡಿ ದಪ್ಪ ಹಲಗೆ ಹಾಕಿ, ಮಳೆಗಾಲದಲ್ಲಂತೂ ತಪ್ಪದೆ. ಸ್ಟ್ಯಾಂಡಿನ ಬದಲು ಜಂಬಿಟ್ಟಿಗೆ ಕಲ್ಲು ಪೇರಿಸುವವರಿದ್ದಾರೆ. ಆ ಕಲ್ಲು ನೋಡಲು ಗಟ್ಟಿ, ಭಾರ ಒಂದು ಮೂಲೆಗೆ ಬಿದ್ದರೆ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡನ್ನೇ ಬಳಸಿ, ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ಅಡ್ಡ ಮಲಗಿಸಿ. ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಅಡ್ಡಕಲ್ಲು ಕೊಡುವುದು ಹೇಳಬೇಕಿಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡೇ ಇರುತ್ತದೆ. ಸ್ಟಡ್ಡು ತೂತಿನಲ್ಲಿ ಬಿಗಿದು ನಿಲ್ಲುತ್ತದೆ, ಸುತ್ತಿಗೆಯಲ್ಲಿ ಬಡಿದು ಥ್ರೆಡ್ ಹಾಳು ಮಾಡುತ್ತಾರೆ. ಎರಡೂ ಮುಂದಿನ ಚಕ್ರ ಎತ್ತಿ, ಇಲ್ಲವೇ ಇನ್ನೊಂದು ಜಾಕಿನಿಂದ ಲೋವರ್ ಆರ್ಮನ್ನು ನಿಧಾನ ಮೇಲೆತ್ತಿ. ಒಂದು ಹಂತದಲ್ಲಿ ಸ್ಟಡ್ಡು ಬೆರಳಿಗೇ ಜಾರಿ ಬರುತ್ತದೆ. ಹೊಸದನ್ನು ಕೂರಿಸುವಾಗಲೂ ಇದೇ ಉಪಾಯ.

ನಟ್ಟಿನ ಜೊತೆ ಸ್ಟಡ್ಡೂ ತಿರುಗಿದರೆ ಆಲನ್ ಕೀಯಿಂದ ಸ್ಟಡ್ ಹಿಡಿದು ರಿಂಗ್ ಸ್ಪ್ಯಾನರಿನಿಂದ ನಟ್ಟು ಬಿಚ್ಚಬೇಕು. ಗುಳಿಯಲ್ಲಿ ತುಂಬಿದ ಮಣ್ಣನ್ನು ಮೊಳೆಯಿಂದ ಕೆರೆದು ಕೀಯನ್ನು ತಳದವರೆಗೆ ಬಡಿದು ಕೂರಿಸಿ. ಅರ್ಧ ಕೂತ ಕೀ ಗುಳಿಯನ್ನು ದುಂಡಗಾಗಿಸುತ್ತದೆ. ದುಂಡಗಾಗಿಯೇ ಹೋದರೆ ಹಳೆಯ ಬೂಟು ಕತ್ತರಿಸಿ ಹಿಂದಿನಿಂದ ಗ್ರಿಪ್ ಪ್ಲೈಯರ್ ಹಿಡಿಸಿ. ಅದಕ್ಕೂ ಬಗ್ಗದಿದ್ದರೆ ಆಕ್ಸಾ ಬ್ಲೇಡು. ಗ್ರೈಂಡರ್ ಹಿಡಿಯುವವರು ಬ್ರೇಕ್ ಹೋಸು, ಎಬಿಎಸ್ ವೈರು, ಡ್ರೈವ್ ಶಾಫ್ಟಿನ ಬೂಟು ಮೂರನ್ನೂ ಒದ್ದೆ ಗೋಣಿಯಿಂದ ಮುಚ್ಚಿಕೊಳ್ಳಿ, ಕಿಡಿ ತಾಗಬಾರದು.

ಹೊಸ ನಟ್ಟಿನ ಬಿಗಿ ಎಷ್ಟೆಂಬುದು ಆಯಾ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಸಣ್ಣ ಕಾರಿನ 10 ಮಿಲಿಮೀಟರ್ ಸ್ಟಡ್ಡಿಗೆ ಸಾಮಾನ್ಯವಾಗಿ 50 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇಲ್ಲದಿದ್ದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 20 ಕಿಲೋ ತೂಕದಷ್ಟು ಬಲ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಾಲಿಟ್ಟು ತುಳಿಯಬೇಡಿ. ಲಿಂಕ್ ರಾಡಿನಿಂದ ಅಲೈನ್‌ಮೆಂಟ್ ಕೆಡುವುದಿಲ್ಲ, ಆ ಖರ್ಚು ಉಳಿಯಿತು. ಒಂದು ಕಡೆಯದನ್ನು ಮಾತ್ರ ಹಾಕುವ ಜಿಪುಣತನ ಬೇಡ, ಜೋಡಿಯಾಗಿಯೇ ಹಾಕಿ.

ಬುಷ್ಷಿನ ಕಥೆ ಬೇರೆ. ಅದನ್ನು ಒತ್ತಿ ತೆಗೆದು ಕೂರಿಸಲು ಪ್ರೆಸ್ ಬೇಕು; ಸುತ್ತಿಗೆಯಲ್ಲಿ ಬಡಿದರೆ ಓರೆಯಾಗಿ ಕೂರುತ್ತದೆ. ಪ್ರೆಸ್ ಇರುವ ಲೇತ್ ಅಂಗಡಿಗೆ ಆರ್ಮ್ ಒಯ್ದು ಹಾಕಿಸುವುದು ಅಗ್ಗದ ದಾರಿ. ಹಳೆಯ ಬುಷ್ಷಿನ ರಬ್ಬರಿನ ಖಾಲಿ ಕಂಡಿಗಳು ಯಾವ ಕಡೆಗಿದ್ದವು ಎಂದು ಆರ್ಮಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿ ಕೊಡಿ. ವಾಪಸ್ ಜೋಡಿಸುವಾಗ ಬುಷ್ ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಪೂರ್ತಿ ಬಿಗಿಯಿರಿ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ‘ಲೋಕಲ್ ಬುಷ್ ಮೂರೇ ತಿಂಗಳಿಗೆ ಹೋಯ್ತು’ ಅನ್ನುವ ದೂರಿನಲ್ಲಿ ಎಷ್ಟೋ ಸಲ ತಪ್ಪು ರಬ್ಬರಿನದ್ದಲ್ಲ, ಈ ಬಿಗಿತದ್ದು. ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ನೋಡಿಸಲೇಬೇಕು.

ಬಾಲ್ ಜಾಯಿಂಟ್ ಮಾತ್ರ ಕಂಪನಿಯದ್ದೇ ಆಗಲಿ. ಲಿಂಕ್ ರಾಡ್ ತುಂಡಾದರೆ ಸದ್ದು ಬರುತ್ತದೆ, ತಿರುವಿನಲ್ಲಿ ಕಾರು ಸ್ವಲ್ಪ ಹೆಚ್ಚು ವಾಲುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚುತ್ತದೆ, ಅದೂ ಆಗುಂಬೆಯ ಇಳಿಜಾರಿನಲ್ಲೋ ಹುಲಿಕಲ್ಲಿನ ತಿರುವಿನಲ್ಲೋ ಆದರೆ ಏನು ಗತಿ? ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಸಿಕ್ಕರೆ ಒಬ್ಬರು ಬ್ರೇಕ್ ತುಳಿದು ಹಿಡಿದಿರಲಿ: ಆಗ ಆಟ ನಿಂತರೆ ಬೇರಿಂಗ್ ಮೇಲೆ ಅನುಮಾನ, ಇನ್ನೂ ಇದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. ಸ್ಪ್ರಿಂಗ್ ಇರುವ ಸ್ಟ್ರಟ್ಟಿನ ನಡುವಿನ ನಟ್ಟಿಗಂತೂ ಅಂಗಳದಲ್ಲಿ ಕೈ ಹಾಕಬೇಡಿ. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಮೂಳೆ ಮುರಿಯುತ್ತದೆ.

ಹೊಸ ಲಿಂಕ್ ರಾಡ್ ಹಾಕಿ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಆಮೇಲೂ ಟಕ ಟಕ ನಿಲ್ಲದಿದ್ದರೆ ಬಾರನ್ನು ಹಿಡಿದಿರುವ ಡಿ ಬುಷ್ ಸವೆದಿರಬಹುದು. ಅದು ಇನ್ನೂ ಅಗ್ಗ.