ಕಂಕುಳ ಬೆವರಿಗೆ ಇಂಜೆಕ್ಷನ್: ಬಾಟಲಿ ನೋಡದೆ ಕೈ ಎತ್ತಬೇಡಿ

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಟೀಚರ್. ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಬ್ಲೌಸಿನ ಕಂಕುಳ ಹತ್ತಿರ ಅಂಗೈ ಅಗಲ ಒದ್ದೆ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲೂ ಅಷ್ಟೇ. ಬರಬರುತ್ತಾ ಬೋರ್ಡಿನ ಮೇಲಿನ ಅರ್ಧ ಖಾಲಿ ಬಿಟ್ಟು ಕೆಳಗಡೆ ಮಾತ್ರ ಬರೆಯುವುದು ಅಭ್ಯಾಸ ಆಗಿಬಿಟ್ಟಿತ್ತು.

ಕಳೆದ ವರ್ಷ ತಂಗಿಯ ಮದುವೆ ಬಂತು. ರೇಷ್ಮೆ ಬ್ಲೌಸ್ ಹೊಲಿಸಿದ್ದೆ, ಮನಸ್ಸಿನಲ್ಲಿ ಅದೇ ಚಿಂತೆ. ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರೆ ಬೆವರು ನಿಲ್ಲುತ್ತದೆ ಅಂತ ಕೇಳಿದ್ದೆ. ಮೆಟ್ರೋದಲ್ಲಿ ನಾಲ್ಕು ಸ್ಟಾಪ್ ದೂರದ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ಆಫರ್ ಇತ್ತು, ಬೇರೆ ಕಡೆ ಹೇಳಿದ ರೇಟಿನ ಅರ್ಧಕ್ಕೆ. ಮದುವೆಗೆ ಐದೇ ದಿನ ಉಳಿದಿತ್ತು. "ನಾಳೆಯಿಂದಲೇ ಡ್ರೈ ಆಗುತ್ತೆ ಮೇಡಂ" ಅಂದರು. ನಂಬಿ ಹದಿನೆಂಟು ಸಾವಿರ ಕಟ್ಟಿದೆ.

ಒಳಗೆ ಹೋದಾಗ ಸಿರಿಂಜ್ ಆಗಲೇ ತುಂಬಿಟ್ಟಿದ್ದರು. ಔಷಧದ ಬಾಟಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಗರ್ಭಿಣಿಯಾ, ಸ್ನಾಯು ದುರ್ಬಲವಾಗುವ ಕಾಯಿಲೆ ಏನಾದರೂ ಇದೆಯಾ, ಬೇರೆ ಮಾತ್ರೆ ತಗೊಳ್ತೀರಾ, ಒಂದನ್ನೂ ಕೇಳಲಿಲ್ಲ. ಒಂದೊಂದು ಕಡೆಗೆ ಆರು ಚುಚ್ಚು. ಹತ್ತು ನಿಮಿಷದಲ್ಲಿ ಮುಗಿಯಿತು. ಚುಚ್ಚಿದವರು ಡಾಕ್ಟರಾ ಅಲ್ವಾ ಅನ್ನುವುದೂ ನನಗೆ ಇವತ್ತಿಗೂ ಗೊತ್ತಿಲ್ಲ.

ರಾತ್ರಿ ಸೊಳ್ಳೆ ಕಚ್ಚಿದ ಹಾಗೆ ಕೆಂಪು ಗುಳ್ಳೆ ಎದ್ದವು, ಎಡಗಡೆ ನೀಲಿಗಟ್ಟಿತು. ಮಾರನೇ ದಿನ ಮನೆಯಲ್ಲಿ ಎಣ್ಣೆಸ್ನಾನ. ಅಮ್ಮ ತೋಳು, ಕಂಕುಳು ಎಲ್ಲ ಚೆನ್ನಾಗಿ ತಿಕ್ಕಿದರು. ಚುಚ್ಚಿದ ಜಾಗವನ್ನು ಒಂದು ದಿನವಾದರೂ ಉಜ್ಜಬಾರದು, ಬೆವರು ಸುರಿಯುವಂಥ ವ್ಯಾಯಾಮ ಮಾಡಬಾರದು ಅಂತ ಯಾರಾದರೂ ಹೇಳಿದ್ದರೆ ತಾನೇ ಗೊತ್ತಾಗುವುದು?

ಧಾರೆಯ ದಿನ ಎಡಗಡೆ ಬ್ಲೌಸ್ ಪೂರ್ತಿ ತೊಯ್ದಿತ್ತು. ಬಲಗಡೆ ನಡುವೆ ಒಣಗಿ ಸುತ್ತಲೂ ಒದ್ದೆ, ಬಳೆ ಆಕಾರದಲ್ಲಿ. ಆರತಿ ತಟ್ಟೆ ಎತ್ತಲು ಕರೆದಾಗ ಅತ್ತಿಗೆಯನ್ನು ಮುಂದೆ ಕಳಿಸಿ ನಾನು ಕಂಬದ ಹಿಂದೆ ನಿಂತೆ. ತಂಗಿ ಮದುವೆಯಲ್ಲಿ ಹಾಗೆ ನಿಂತದ್ದು ಈಗಲೂ ನೋಯುತ್ತದೆ.

ಕ್ಲಿನಿಕ್‌ಗೆ ಫೋನ್ ಮಾಡಿದರೆ "ನಿಮ್ಮ ಬಾಡಿನೇ ಹಾಗೆ" ಅಂದರು. ಇದ್ದ ಅರೆಬರೆ ಒಣಗುವಿಕೆಯೂ ಏಳು ವಾರಕ್ಕೆ ಹೋಯಿತು.

ಆಮೇಲೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆ. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಯಾವ ಕಂಪನಿ ಔಷಧ, ಎಷ್ಟು ಯೂನಿಟ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೆವರಿನ ಗ್ರಂಥಿಗೆ ಸುದ್ದಿ ಮುಟ್ಟಿಸುವ ನರದ ತುದಿಯನ್ನು ಈ ಔಷಧ ಕೆಲವು ತಿಂಗಳು ತಡೆಯುತ್ತದೆ. ಬೊಟಾಕ್ಸ್ ಆದರೆ ಒಂದು ಕಂಕುಳಿಗೆ ಸಾಮಾನ್ಯವಾಗಿ 50 ಯೂನಿಟ್, ಒಂದೆರಡು ಸೆಂಟಿಮೀಟರ್ ಅಂತರದಲ್ಲಿ 10ರಿಂದ 15 ಚುಚ್ಚು. ಕಂಪನಿ ಬದಲಾದರೆ ಯೂನಿಟ್ ಲೆಕ್ಕವೂ ಬದಲಾಗುತ್ತದೆ. ಕೆಲವು ದಿನಕ್ಕೆ ಗುಣ ಕಾಣಲು ಶುರು, ಪೂರ್ತಿ ತಿಳಿಯಲು ಸುಮಾರು ಎರಡು ವಾರ. ಹಾಗಾಗಿ ಐದು ದಿನದಲ್ಲಿ ಮದುವೆಗೆ ಅನ್ನುವ ಲೆಕ್ಕವೇ ತಪ್ಪು. ಸರಿಯಾಗಿ ಕೊಟ್ಟರೆ ಹೆಚ್ಚಿನವರಿಗೆ ಆರೇಳು ತಿಂಗಳು ನಿಲ್ಲುತ್ತದೆ, ಆಮೇಲೆ ಮತ್ತೆ ಹಾಕಿಸಿಕೊಳ್ಳಬೇಕು.

ನನಗೆ ಒಂದು ಪರೀಕ್ಷೆಯನ್ನೂ ಮಾಡಿದರು. ಕಂಕುಳಿಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿದರು. ನೋಡನೋಡುತ್ತಾ ಬೆವರುವ ಜಾಗವೆಲ್ಲ ಕಡುನೀಲಿ ಚುಕ್ಕೆಯಾಗಿ, ಚುಕ್ಕೆ ಸೇರಿ ಮಚ್ಚೆಯಾಯಿತು. ಮಚ್ಚೆ ತೋಳಿನ ಕಡೆಗೂ ಹರಡಿತ್ತು. ಕ್ಲಿನಿಕ್‌ನವರು ಆ ಕಡೆ ಚುಚ್ಚಿಯೇ ಇರಲಿಲ್ಲ! ಈ ಪರೀಕ್ಷೆಗೆ ಬೇಕಾದದ್ದು ಅಯೋಡಿನ್ ಮತ್ತು ಪುಡಿ, ಅಷ್ಟೇ.

ಥೈರಾಯ್ಡ್, ಸಕ್ಕರೆ ಎರಡಕ್ಕೂ ರಕ್ತ ಪರೀಕ್ಷೆ ಬರೆದರು, ಅವುಗಳಿಂದಲೂ ಬೆವರು ಜಾಸ್ತಿ ಆಗಬಹುದಂತೆ. ನನ್ನದು ನಾರ್ಮಲ್. ಮೊದಲು ರಾತ್ರಿ ಹೊತ್ತು ಒಣ ಚರ್ಮಕ್ಕೆ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟರು. ಅದು ಸ್ವಲ್ಪ ಉರಿಯುತ್ತದೆ, ಆದರೆ ನನಗೆ ಅರ್ಧಕ್ಕರ್ಧ ಕಡಿಮೆಯಾಗಿದೆ. ಇಷ್ಟನ್ನು ಮೊದಲೇ ಮಾಡಿದ್ದರೆ ಸಾಕಿತ್ತೇನೋ.

ನೀವು ಇಂಜೆಕ್ಷನ್ ತಗೊಳ್ಳುವುದಾದರೆ ದಯವಿಟ್ಟು ಚರ್ಮರೋಗ ತಜ್ಞರ ಹತ್ತಿರವೇ ಹೋಗಿ. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ, ಕೇಳಲು ನಾಚಿಕೆ ಬೇಡ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ನಿಮ್ಮ ಎದುರಿಗೇ ಸಲೈನ್ ಬೆರೆಸಲಿ. ಸೀಲ್, ಎಕ್ಸ್‌ಪೈರಿ ದಿನಾಂಕ ನೋಡಿ. ಆಮೇಲೆ ನುಂಗಲು, ಉಸಿರಾಡಲು ಕಷ್ಟವಾದರೆ ಅಥವಾ ಮೈಯೆಲ್ಲ ನಿತ್ರಾಣವಾದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಇದು ಅಪರೂಪ, ಆದರೆ ಆಗಬಹುದು.

ಬಿಲ್ ವಿಷಯ ಮಾತ್ರ ಮರೆಯಬೇಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ ಅಂತ ಪರಿಚಯದ ವಕೀಲರನ್ನು ಕೇಳಿದೆ. ಬಿಲ್ ತಿರುಗಿಸಿ ಮುರುಗಿಸಿ ನೋಡಿದರು. ಅದರಲ್ಲಿ ಇದ್ದದ್ದು "ಸ್ಕಿನ್ ಟ್ರೀಟ್‌ಮೆಂಟ್, 18,000" ಅಂತ ಒಂದೇ ಸಾಲು. ಔಷಧದ ಹೆಸರಿಲ್ಲ, ಯೂನಿಟ್ ಇಲ್ಲ, ಬ್ಯಾಚ್ ನಂಬರ್ ಇಲ್ಲ. "ಏನು ಚುಚ್ಚಿದ್ದಾರೆ ಅಂತ ಹೇಗಮ್ಮ ತೋರಿಸ್ತೀಯ?" ಅಂದರು. ಆ ಮೂರನ್ನೂ ಬರೆಸಿಕೊಂಡೇ ದುಡ್ಡು ಕೊಡಿ.